ಅಕ್ಕನ ದನಿಯನ್ನು ಪರೀಕ್ಷೆಗೆ ಇಟ್ಟ ಸುಗ್ಗಿ

ಹೋದ ಮಾಘದಲ್ಲಿ ಒಂದು ಮದುವೆಗೆಂದು ಬ್ಯಾಡಗಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಸೀನು ಹತ್ತಿಕೊಂಡಿತು. ಒಂದರ ಮೇಲೊಂದು, ಏಳೆಂಟು. ಆಟೋ ನಿಲ್ಲಿಸಿಕೊಂಡಿದ್ದವನು ನಕ್ಕು, "ಹೊಸಬರೇನ್ರಿ ಸರ? ಎರಡ ದಿನ ಇರ್ರಿ, ರೂಢಿ ಆಗತೈತಿ" ಅಂದ. ನಾನು ಮೂಗು ಒರೆಸಿಕೊಳ್ಳುತ್ತ, "ತಮ್ಮಾ, ನಾ ಇದ ಊರಾಗ ಹುಟ್ಟಿದಾಂವ" ಅಂದೆ. ಅವನು ನಂಬಲಿಲ್ಲ. "ಈ ಊರಾನವರು ಸೀನೂದಿಲ್ರಿ" ಅಂದ.

ಖರೇ ಮಾತು. ಸುಗ್ಗಿಯ ತಿಂಗಳುಗಳಲ್ಲಿ ಆ ಊರಿನ ಗಾಳಿಯಲ್ಲೇ ಮೆಣಸಿನಕಾಯಿ ಇರುತ್ತದೆ. ಹುಟ್ಟಿದ ಕೂಸಿನಿಂದ ಹಿಡಿದು ಎಲ್ಲರಿಗೂ ಅದು ರೂಢಿಯಾಗಿ ಹೋಗುತ್ತದೆ. ಸೀನು ನಿಲ್ಲುತ್ತದೆ, ಕೆಮ್ಮು ಉಳಿಯುತ್ತದೆ. ಕೆಮ್ಮನ್ನು ಅಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ, ಕಿವಿಗೆ ಬಿದ್ದರೂ ಕೇಳಿಸುವುದಿಲ್ಲ. ನನಗೂ ಕೇಳಿಸಿರಲಿಲ್ಲ. ಕೇಳುವುದನ್ನೇ ನಾನು ಕಸುಬಾಗಿ ಕಲಿಯುತ್ತಿದ್ದ ವರ್ಷ ಅದು.

ಎಂಬತ್ತರ ದಶಕದ ಕೊನೆಯ ಒಂದು ಸುಗ್ಗಿ. ನಾನು ಹಾವೇರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಆರು ತಿಂಗಳಾಗಿತ್ತು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಏಳನೇ ಇಯತ್ತೆ ದಾಟಿದವರಲ್ಲ. ಅವ್ವ, ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದರು. ನನ್ನನ್ನು ಓದಿಸಿದವಳು ನೀಲಕ್ಕ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅವಳದು. ಮುಂಜಾನೆಯಿಂದ ಸಂಜೆಯವರೆಗೆ ಕೆಂಪು ರಾಶಿಯ ಎದುರು ಕೂತು ಒಂದೊಂದೇ ಕಾಯಿಯ ತೊಟ್ಟು ಕಿತ್ತು ಹಾಕುವುದು. ನನ್ನ ಪದವಿ ಪ್ರಮಾಣಪತ್ರ ಬಂದ ದಿನ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹೋಗಿ, ತನ್ನ ಸಾಲಿನ ಹೆಂಗಸರಿಗೆಲ್ಲ ತೋರಿಸಿ ಬಂದಿದ್ದಳು. ಮೂಲೆಯಲ್ಲಿ ಅವಳ ಹೆಬ್ಬೆರಳಿನ ಕೆಂಪು ಗುರುತು ಬಿದ್ದಿತ್ತು. ನಾನು ಸಿಟ್ಟಾದೆ. "ಇರಲಿ ಬಿಡೋ, ಸಾಹೇಬರ ಸಹಿ ಕೆಳಗ ನಂದೂ ಒಂದು" ಅಂದಳು.

ನೌಕರಿ ಸಿಗಲಿಲ್ಲ. ಹಾಗಾಗಿ ರಾಣೆಬೆನ್ನೂರಿನಲ್ಲಿ ವಿರೂಪಾಕ್ಷಣ್ಣನ ಅಂಗಡಿ ಸೇರಿದೆ. ರೇಡಿಯೋ ರಿಪೇರಿಯಿಂದ ಶುರು ಮಾಡಿ, ಆಮೇಲೆ ಟೇಪ್ ಡೆಕ್ಕು, ಆಂಪ್ಲಿಫಯರು, ಸ್ಪೀಕರ್ ಡಬ್ಬಿಗಳನ್ನು ತಾನೇ ಜೋಡಿಸಿ ಮಾರುತ್ತಿದ್ದ ಮನುಷ್ಯ. ಐವತ್ತೈದರ ವಯಸ್ಸು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ನಾನು ಮೊದಲ ದಿನ, "ಫಿಜಿಕ್ಸ್ ಆಗೈತ್ರಿ, ಸೌಂಡು ಎಲ್ಲಾ ಓದೇನಿ" ಅಂದೆ. ಅವನು ತಲೆ ಎತ್ತದೆ, "ಓದೀ ಅಂದ್ರ ಚಲೋ ಆತು. ಇನ್ನ ಕೇಳೂದು ಕಲಿ" ಅಂದ.

ಆ ಅಂಗಡಿಗೆ ಹಿಂದೊಂದು ಖೋಲಿ ಇತ್ತು. ಅದರ ನಡುವೆ ಹಗ್ಗಕ್ಕೆ ವಿರೂಪಾಕ್ಷಣ್ಣನ ಹೆಂಡತಿಯ ಹಳೆಯ ಇಳಕಲ್ಲ ಸೀರೆ ಇಳಿಬಿಟ್ಟಿದ್ದರು. ಸೀರೆಯ ಆಚೆ ಎರಡು ಸೆಟ್ಟು, ಈಚೆ ಗಿರಾಕಿ. ಯಾವುದು ಯಾವ ಸೆಟ್ಟು ಎಂದು ಗಿರಾಕಿಗೆ ಹೇಳುವಂತಿಲ್ಲ. ಒಂದೇ ಕ್ಯಾಸೆಟ್ಟಿನ ಒಂದೇ ಜಾಗವನ್ನು ಎರಡರಲ್ಲೂ ಹಾಕುವುದು. ಹಾಕುವ ಮೊದಲು ಎರಡರ ಸಪ್ಪಳ ಸಮ ಮಾಡುವುದು. ಅದು ನನಗೆ ಬಿದ್ದ ಮೊದಲ ಪಾಠ. ಒಂದು ಸೆಟ್ಟು ಕೂದಲೆಳೆಯಷ್ಟು ಜೋರಾಗಿ ನುಡಿದರೂ ಅದೇ ಚಲೋ ಅನ್ನಿಸುತ್ತದೆ. ತಾವು ಮಾರಬೇಕಾದ ಸೆಟ್ಟಿನ ಗುಂಡಿಯನ್ನು ಮಾರುವವರು ತುಸುವೇ ತಿರುವಿ ಇಡುತ್ತಿದ್ದುದು ಅದಕ್ಕೇ.

ಗುತ್ತಲದ ಕಿರಾಣಿ ವ್ಯಾಪಾರಿಯೊಬ್ಬ ಬಂದಿದ್ದ. ಹಾಡಿಗೆ ತಕ್ಕಂತೆ ಕೆಂಪು, ಹಸಿರು ದೀಪ ಕುಣಿಯುವ ಸೆಟ್ಟಿನ ಮೇಲೆ ಅವನ ಕಣ್ಣು. ಸೀರೆಯ ಈಚೆ ಕೂತು ಅರ್ಧ ತಾಸು ಕೇಳಿ, "ಇದ, ಇದ. ಇದ ಬೇಕು" ಅಂದ. ಸೀರೆ ಸರಿಸಿದರೆ ದೀಪವಿಲ್ಲದ ಸಾದಾ ಸೆಟ್ಟು.

"ಅಯ್ಯ, ಇದರಾಗ ಲೈಟ ಇಲ್ಲಲ್ರೀ!"

"ಲೈಟ ಬೇಕಂದ್ರ ಎದುರಿನ ಅಂಗಡ್ಯಾಗ ಸರಾ ಸಿಗತಾವು ನೋಡ್ರಿ. ಗಣಪತಿ ಮುಂದ ಹಚ್ಚತಾರಲ್ಲ, ಅವು. ಒಂದು ತಗೊಂಡು ಮ್ಯಾಲ ಸುತ್ತರಿ" ಅಂದ ವಿರೂಪಾಕ್ಷಣ್ಣ.

ವ್ಯಾಪಾರಿ ನಕ್ಕು ಸಾದಾ ಸೆಟ್ಟನ್ನೇ ಒಯ್ದ.

ಪಾಠಗಳು ಹೀಗೇ ಬರುತ್ತಿದ್ದವು, ಗಿರಾಕಿಯ ಎದುರಿಗೆ, ಚಹಾ ಕುಡಿಯುತ್ತ. ಮೊದಲು ಸಂಗೀತ ಬೇಡ, ಮನುಷ್ಯ ಮಾತಾಡುವುದನ್ನು ಕೇಳು. ಮನುಷ್ಯರ ದನಿ ಹುಟ್ಟಿದಾಗಿನಿಂದ ನಮ್ಮ ಕಿವಿಗೆ ಗೊತ್ತಿದೆ, ಅದರಲ್ಲಿ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಮೊದಲ ಹತ್ತು ನಿಮಿಷ ಝಗಝಗ ಅನ್ನುವುದು ಸಂಜೆಯ ಹೊತ್ತಿಗೆ ತಲೆನೋವು ತರುತ್ತದೆ. ಊಟ ಮಾಡಿ ಬಂದು ಇನ್ನೊಮ್ಮೆ ಕೇಳು. ಎಲ್ಲಕ್ಕಿಂತ ದೊಡ್ಡದು ಇದು: ದೋಷ ಕೇಳಿಸಿದ ಕೂಡಲೇ ಸೆಟ್ಟಿನ ಮೇಲೆ ಹಾಕಬೇಡ. ಕ್ಯಾಸೆಟ್ಟು, ಟೇಪ್ ಓದುವ ಹೆಡ್ಡು, ಆಂಪ್ಲಿಫಯರು, ತಂತಿ, ಸ್ಪೀಕರು, ಖೋಲಿ, ಒಂದೊಂದನ್ನೇ ಬದಲಿ ಮಾಡುತ್ತ ಹಿಂದಕ್ಕೆ ಹೋಗು. ಯಾವುದನ್ನು ಬದಲಿಸಿದಾಗ ದೋಷ ಹೋಗುತ್ತದೋ ಅಲ್ಲಿದೆ ಅದು.

ನಾನು ಬೇಗ ಕಲಿತೆ. ಕಲಿತೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ನಮ್ಮಂಥವರಿಗೆ ಯಾರೂ ಏನನ್ನೂ ತಟ್ಟೆಯಲ್ಲಿಟ್ಟು ಕೊಟ್ಟಿಲ್ಲ. ಕುಮಾರಪಟ್ಟಣದ ಕಾರ್ಖಾನೆಯ ಸಾಹೇಬರೊಬ್ಬರು ಪರದೇಶದಿಂದ ತರಿಸಿದ ಸೆಟ್ಟು ಯಾಕೋ ಸಪ್ಪೆ ನುಡಿಯುತ್ತದೆ ಎಂದು ಹೇಳಿ ಕಳಿಸಿದರು. ವಿರೂಪಾಕ್ಷಣ್ಣ ನನ್ನೊಬ್ಬನನ್ನೇ ಕಳಿಸಿದ. ಅವರ ಮನೆಯ ಕುರ್ಚಿಯಲ್ಲಿ ಕೂತು ಎರಡು ನಿಮಿಷ ಕೇಳಿದೆ. ಹಾಡುವವರ ದನಿ ಎರಡು ಸ್ಪೀಕರುಗಳ ನಡುವೆ ನಿಲ್ಲಬೇಕು, ನಿಲ್ಲುತ್ತಿರಲಿಲ್ಲ, ಗೋಡೆಯೆಲ್ಲ ಹರಡಿಕೊಂಡಿತ್ತು. ಎದ್ದು ಹೋಗಿ ಒಂದು ಸ್ಪೀಕರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದೆ. ದನಿ ನಡುವೆ ಬಂದು ನಿಂತಿತು, ಡೊಳ್ಳಿನಂಥ ಕೆಳಗಿನ ಸಪ್ಪಳ ತುಂಬಿಕೊಂಡಿತು. ಸಾಹೇಬರು, "ನೀವೇನು ಓದಿದ್ದೀರಿ?" ಎಂದು ಬಹುವಚನದಲ್ಲಿ ಕೇಳಿದರು. ಆ ದಿನ ರೈಲಿನಲ್ಲಿ ಬ್ಯಾಡಗಿಗೆ ಬರುವಾಗ ನನಗೆ ಕೂರಲು ಜಾಗ ಸಿಕ್ಕಿತ್ತು, ಆದರೂ ಬಾಗಿಲಲ್ಲಿ ನಿಂತೇ ಬಂದೆ.

ಸಂಕ್ರಾಂತಿ ಮುಗಿದ ಮೇಲೆ ವಿರೂಪಾಕ್ಷಣ್ಣ ಒಂದು ಮಾತು ಹೇಳಿದ. "ಪ್ಯಾಟಿ ಕ್ಯಾಸೆಟ್ಟಿನ್ಯಾಗ ಹಾಡ್ಯಾರಲ್ಲ, ಅವರನ್ನ ನೀ ಎದುರಿಗೆ ಕುಂತು ಕೇಳೀ ಏನು? ಇಲ್ಲ. ಹಂಗಾರ ಈ ಸೆಟ್ಟು ಅವರ ದನಿ ಖರೇ ಹೇಳಾಕತ್ತೈತಿ ಅಂತ ನಿನಗ ಹೆಂಗ ಗೊತ್ತು? ನಿನಗ ಹುಟ್ಟಾ ಗೊತ್ತಿರೂ ಒಂದು ದನಿ ತುಂಬಕೊಂಡು ಬಾ. ಅದನ್ನ ಪರೀಕ್ಷಾ ಕ್ಯಾಸೆಟ್ಟು ಮಾಡೂಣು."

ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ದನಿ ಒಂದೇ. ಮಾರ್ಕೆಟ್ಟಿನ ಸಾಲಿನಲ್ಲಿ ಕೆಲಸದ ಹಾಡಿನ ಪದ ಎತ್ತಿಕೊಡುವವಳು ನೀಲಕ್ಕನೇ. ಅವಳು ಒಂದು ಸಾಲು ಎತ್ತಿದರೆ ಇಪ್ಪತ್ತು ಹೆಂಗಸರು ಹಿಂದೆ ಬರುತ್ತಿದ್ದರು. ಅವಳ ದನಿ ತೆಳ್ಳಗಲ್ಲ, ಸ್ವಲ್ಪ ಒರಟು, ಸಾಲಿನ ಕೊನೆಯಲ್ಲಿ ಎಳೆದಷ್ಟೂ ಎಳೆಯುತ್ತಿದ್ದ ದನಿ.

ಅಂಗಡಿಯ ಟೇಪ್ ರೆಕಾರ್ಡರು, ಮೈಕು ಹೊತ್ತುಕೊಂಡು ಒಂದು ರವಿವಾರ ಮನೆಗೆ ಬಂದೆ. ಅಕ್ಕ ಮೈಕಿನ ಎದುರು ಕೂತಳು. ಬಾಯಿ ಬಿಡಲಿಲ್ಲ.

"ಹಾಡ."

"ಬರವಲ್ದೋ ಮಾಲ್ಯಾ. ಕೈ ಖಾಲಿ ಇದ್ರ ಪದಾ ಹೆಂಗ ಬರಬೇಕು?"

ನನ್ನ ಹೆಸರು ಮಾಲತೇಶ. ಬಿ.ಎಸ್ಸಿ. ಆದ ಮೇಲೂ ಅವಳಿಗೆ ನಾನು ಮಾಲ್ಯಾನೇ. ಕೊನೆಗೆ ಒಂದು ಬುಟ್ಟಿ ಮೆಣಸಿನಕಾಯಿ ತಂದು ಅವಳ ಮುಂದೆ ಇಟ್ಟೆ. ತೊಟ್ಟು ಕೀಳುತ್ತ ಕೀಳುತ್ತ ದನಿ ತಾನೇ ಎದ್ದಿತು.

ಆಮೇಲೆ ಹಾಕಿ ಕೇಳಿದೆ. ದನಿ ಇತ್ತು. ತೊಟ್ಟು ಮುರಿಯುವ ಸಣ್ಣ ಚಟಚಟ ಇತ್ತು. ಅದರ ಜೊತೆಗೆ ಇನ್ನೊಂದು, ಒಂದು ಸಿಳ್ಳಿನಂಥ ತೆಳ್ಳನೆಯ ಸಪ್ಪಳ ಬಂದು ಬಂದು ಹೋಗುತ್ತಿತ್ತು. ಅಂಗಡಿಗೆ ಬರುವ ಮೊದಲಾಗಿದ್ದರೆ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಯಿತಲ್ಲ ಎಂದು ನನಗೆ ಹೆಮ್ಮೆಯಾಯಿತು. ದೋಷವನ್ನು ಹಿಡಿದೇ ಬಿಡುತ್ತೇನೆ ಎಂದು ಹೊರಟೆ.

ಕಲಿತದ್ದನ್ನು ಕಲಿತ ಹಾಗೇ ಮಾಡಿದೆ. ಮೆಣಸಿನಕಾಯಿ ತೆಗೆದು ಶೇಂಗಾ ಇಟ್ಟೆ, ಸುಲಿಯುತ್ತ ಹಾಡು ಅಂದೆ. ಸಿಳ್ಳು ಹೋಗಲಿಲ್ಲ. ಸ್ಪಿರಿಟ್ಟು ಹಚ್ಚಿ ಹೆಡ್ಡು ಒರೆಸಿದೆ. ಹೋಗಲಿಲ್ಲ. ಮುಂದಿನ ರವಿವಾರ ಬೇರೆ ಮೈಕು ತಂದೆ, ಅದರ ಮುಂದಿನ ರವಿವಾರ ಬೇರೆ ಟೇಪ್ ರೆಕಾರ್ಡರನ್ನೇ ತಂದೆ. ಕಿಟಕಿಗೆ ಕೌದಿ ಕಟ್ಟಿ ಹೊರಗಿನ ಗಾಳಿ ತಡೆದೆ. ಕ್ಯಾಸೆಟ್ಟು ಒಂದೇ ಇತ್ತು. ಹಳೆಯದರ ಮೇಲೇ ಹೊಸದನ್ನು ತುಂಬುತ್ತಿದ್ದೆ.

ಈ ನಡುವೆ ಇನ್ನೊಂದು ದೋಷ ಕಂಡುಹಿಡಿದೆ. ಅಕ್ಕ ಸಾಲಿನ ನಡುವೆಯೇ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಅಕ್ಕಾ, ಮೊದಲ ನೀ ಒಂದ ಉಸರಿಗೆ ಹೇಳತಿದ್ದಿ. ಈಗ್ಯಾಕ ನಡುವ ಮುರೀತಿ?"

"ವಯಸ್ಸಾತೋ."

"ಮೂವತ್ತಮೂರಕ್ಕ ಏನ ವಯಸ್ಸು? ಮನಸ್ಸಿಟ್ಟ ಹಾಡವಲ್ಲಿ ನೀ."

"ಏ ಸಾಹೇಬ, ನಿನ್ನ ಪೆಟಗಿ ಕೆಟ್ಟೈತಿ, ನನ್ನ ಮ್ಯಾಲ ಹಾಕತೀ? ಇಪ್ಪತ್ತು ಮಂದಿ ನನ್ನ ಹಿಂದ ಪದಾ ಹಿಡೀತಾರ, ಒಬ್ಬಾಕಿನೂ ಹಿಂಗ ಅಂದಿಲ್ಲ."

"ಅವರಿಗೆ ಕೇಳಾಕ ಬರೂದಿಲ್ಲ."

ಅವಳು ನಗುತ್ತ ಶೇಂಗಾ ಸಿಪ್ಪೆಯನ್ನು ನನ್ನ ಮೇಲೆ ಎಸೆದಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ನಾನು ಟೇಪ್ ನಿಲ್ಲಿಸಿ ಕಾದೆ. ಕಾದೆ ಅಷ್ಟೇ. ಸುಗ್ಗಿಯಲ್ಲವೇ, ಧೂಳಲ್ಲವೇ, ಊರೆಲ್ಲ ಕೆಮ್ಮುತ್ತದೆಯಲ್ಲವೇ. ಕೊನೆಯ ಸಲ ಅವಳು ನಡುವೆ ಉಸಿರು ತೆಗೆದುಕೊಳ್ಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಸೆರಗು ಮುಷ್ಟಿಯಲ್ಲಿ ಹಿಡಿದು, ಒಂದೇ ಉಸಿರಿಗೆ ಸಾಲು ಮುಗಿಸಿದಳು. ಮುಗಿಸಿ ಗೋಡೆಗೆ ಒರಗಿದಳು. "ಆತೇನೋ?" ಅಂದಳು. "ಆತು. ಈಗ ಚಲೋ ಆತು" ಅಂದೆ.

ಆ ಕ್ಯಾಸೆಟ್ಟನ್ನು ರಾಣೆಬೆನ್ನೂರಿಗೆ ಒಯ್ದೆ. ಸಿಳ್ಳು ಮಾತ್ರ ಹಾಗೇ ಉಳಿದಿತ್ತು. ವಿರೂಪಾಕ್ಷಣ್ಣನಿಗೆ ನಾನು ಮಾಡಿದ್ದನ್ನೆಲ್ಲ ಸಾಲಾಗಿ ಹೇಳಿದೆ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸಿದ ಹಾಗೆ. "ಕ್ಯಾಸೆಟ್ಟ ಖರಾಬ್ ಇರಬೇಕ್ರಿ. ಅದೊಂದ ಬದಲಿ ಮಾಡಿಲ್ಲ."

ಅವನು ಕಿವಿಯ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟ. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಗಿರಾಕಿಯೊಬ್ಬ ಒಳಗೆ ಬಂದ, ಅವನನ್ನು ಕೈ ಮಾಡಿ ಹೊರಗೆ ಕೂರಿಸಿದ.

"ಈ ಸಪ್ಪಳ ಯಾವಾಗ ಬರತೈತಿ?"

"ಸಾಲು ಮುಗಿದ ಮ್ಯಾಲ್ರಿ. ಪದಾ ನಿಂತಾಗ ಜಾಸ್ತಿ."

"ಹೂಂ. ಕ್ಯಾಸೆಟ್ಟಿಗೆ ಪದಾ ನಿಂತದ್ದು ತಿಳೀತೈತೇನು?"

ನಾನು ಟೇಪಿನತ್ತ ನೋಡಿದೆ.

"ಕ್ಯಾಸೆಟ್ಟಿನ ಸಪ್ಪಳ ಹಾಡಿದ್ರೂ ಇರತೈತಿ, ಸುಮ್ಮನಿದ್ರೂ ಇರತೈತಿ. ಇದು ಹಂಗಿಲ್ಲ. ಇದು ಒಳಗ ಎಳಕೊಳ್ಳೂವಾಗ ಒಂದ ನಮೂನಿ ಐತಿ, ಹೊರಗ ಬಿಡೂವಾಗ ಒಂದ ನಮೂನಿ. ನೀ ಎಲ್ಲಾ ಬದಲಿ ಮಾಡೀ ತಮ್ಮಾ. ಮೈಕಿನ ತನಕ ಬಂದೀ. ಮೈಕಿನ ಆಚೆ ಹೋಗಲಿಲ್ಲ." ಟೇಪ್ ನಿಲ್ಲಿಸಿದ. "ಮಷೀನು ಚಲೋ ಐತಿ. ಖರೇ ಹೇಳಾಕತ್ತೈತಿ. ಯಾರಿವರು?"

"ನಮ್ಮಕ್ಕರಿ."

"ಯಾವ ದವಾಖಾನಿಗೆ ತೋರಿಸೀರಿ?"

ಎಲ್ಲೂ ತೋರಿಸಿರಲಿಲ್ಲ. ವಿರೂಪಾಕ್ಷಣ್ಣ ಎದ್ದು ಅಂಗಡಿಯ ಅರ್ಧ ಬಾಗಿಲು ಎಳೆದು, "ನಡೀ, ಈಗ ಗಾಡಿ ಐತಿ. ನಾಳೆ ಹುಬ್ಬಳ್ಳಿಗೆ ಕರಕೊಂಡು ಹೋಗು. ನಾಡದು ಅಲ್ಲ, ನಾಳೆ" ಅಂದ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ವಯಸ್ಸಾದ ಡಾಕ್ಟರರೊಬ್ಬರು ಅಕ್ಕನ ಬೆನ್ನಿಗೆ ಸ್ಟೆತಾಸ್ಕೋಪು ಹಚ್ಚಿ ಕೇಳಿದರು. ಅವರೂ ಕಣ್ಣು ಮುಚ್ಚಿಯೇ ಕೇಳಿದರು. ಒಂದು ಕಡೆ ಕೇಳಿ, ಅದೇ ಎತ್ತರದಲ್ಲಿ ಇನ್ನೊಂದು ಕಡೆ ಕೇಳಿ, ಮತ್ತೆ ಮೊದಲಿನ ಕಡೆ. ಅವರು ಮಾಡುತ್ತಿರುವುದು ಏನೆಂದು ನನಗೆ ಪೂರ್ತಿ ತಿಳಿಯುತ್ತಿತ್ತು. ಅದಕ್ಕೇ ಅಲ್ಲಿ ನಿಲ್ಲಲಾಗಲಿಲ್ಲ. ಎದೆಯ ಫೋಟೋ ತೆಗೆಸಿದರು, ಕಫ ಪರೀಕ್ಷೆ ಮಾಡಿಸಿದರು. ಅಕ್ಕನನ್ನು ಹೊರಗೆ ಕೂರಿಸಿ ನನ್ನನ್ನು ಕರೆದರು.

"ನೀವು ಓದಿದವರಿದ್ದೀರಿ, ನಿಮಗೆ ಹೇಳುತ್ತೇನೆ. ಪುಪ್ಪುಸ ಗಟ್ಟಿಯಾಗಿ ಹೋಗಿದೆ. ಇದು ಈ ವರ್ಷದ್ದಲ್ಲ. ಮೂರು ವರ್ಷದ ಹಿಂದೆ ಕೆಲಸ ಬಿಡಿಸಿ ಕರೆತಂದಿದ್ದರೆ..." ಗುಳಿಗೆ ಬರೆದುಕೊಟ್ಟರು. "ಇವು ಅವರಿಗೆ ಆರಾಮ ಕೊಡುತ್ತವೆ" ಅಂದರು. ಗುಣ ಮಾಡುತ್ತವೆ ಅನ್ನಲಿಲ್ಲ.

ಮೂರು ವರ್ಷ ಅಂದರೆ ನಾನು ಬಿ.ಎಸ್ಸಿ. ಓದಿದ ಮೂರು ವರ್ಷ. ಹಗಲು ಮಾರ್ಕೆಟ್ಟಿನಲ್ಲಿ ಕೂತವಳು, ಸಂಜೆ ಇನ್ನೊಂದು ಚೀಲ ಮನೆಗೆ ತಂದು ತೊಟ್ಟು ಬಿಡಿಸುತ್ತಿದ್ದ ಮೂರು ವರ್ಷ. ಅದೇ ಖೋಲಿಯಲ್ಲಿ, ನಾಲ್ಕು ಮೊಳ ದೂರದಲ್ಲಿ, ನಾನು ಸಪ್ಪಳದ ಅಲೆಗಳ ಬಗ್ಗೆ ಓದುತ್ತಿದ್ದೆ. ಆ ಖೋಲಿಯಲ್ಲಿದ್ದ ಸಪ್ಪಳ ನನ್ನ ಕಿವಿಯವರೆಗೆ ಬರಲಿಲ್ಲ.

ಹೊರಗೆ ಬಂದೆ. ಅಕ್ಕ ಬೆಂಚಿನ ಮೇಲೆ ಕೂತು ಪಕ್ಕದ ಹೆಂಗಸಿಗೆ, "ನನ್ನ ತಮ್ಮ ಬಿ.ಎಸ್ಸಿ. ರೀ. ಅವನ ಕಿವಿ ಎಷ್ಟ ಚುರುಕ ಅದಾವ ಅಂದ್ರ, ಪೆಟಗ್ಯಾಗ ಕೇಳೇ ನನ್ನ ರೋಗಾ ಹಿಡದ" ಎಂದು ಹೇಳುತ್ತಿದ್ದಳು.

ಅವಳ ಮಾರ್ಕೆಟ್ಟು ನಿಂತಿತು. ನಾನು ಅಂಗಡಿ ಬಿಟ್ಟು ಮನೆಯಲ್ಲೇ ಉಳಿದೆ. ಹೋಳಿ ಹೋಯಿತು, ಯುಗಾದಿ ಹೋಯಿತು, ಮಾರ್ಕೆಟ್ಟಿನ ಕೆಂಪು ರಾಶಿಗಳು ಕರಗಿ ನೆಲ ಕಂಡಿತು. ಧೂಳು ಅಡಗಿತು, ಊರಿನ ಕೆಮ್ಮು ನಿಂತಿತು. ಊರೆಲ್ಲ ಸುಮ್ಮನಾದ ಮೇಲೆ ನಮ್ಮ ಮನೆಯ ಕೆಮ್ಮು ಓಣಿಗೇ ಕೇಳಿಸತೊಡಗಿತು. ಆಗ ಎಲ್ಲರೂ ಬಂದರು. "ಹಿಂಗಿತ್ತಂತ ನಮಗ ಗೊತ್ತ ಇರಲಿಲ್ಲಲ್ಲವಾ ನೀಲಾ" ಅಂದರು. ಅವಳ ಸಾಲಿನ ಹೆಂಗಸರು ಬಂದು ಕೂತು ಅವಳು ಬೇಡವೆಂದರೂ ಪದ ಹೇಳಿ ಹೋಗುತ್ತಿದ್ದರು. ಸಾಲು ಎತ್ತುವವರಿಲ್ಲದೆ ಅವರವರಲ್ಲೇ ಎಡವುತ್ತಿದ್ದರು. ಅಕ್ಕ ಕೈಸನ್ನೆಯಲ್ಲಿ ಸರಿ ಮಾಡುತ್ತಿದ್ದಳು.

ವಿರೂಪಾಕ್ಷಣ್ಣ ಒಮ್ಮೆ ಬಂದ. ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ತಂದಿದ್ದ. "ಇದರ ಮ್ಯಾಲ ನಾ ಸೆಟ್ಟು ಪರೀಕ್ಷಾ ಮಾಡಂಗಿಲ್ಲಪಾ" ಎಂದು ನನ್ನ ಕೈಯಲ್ಲಿಟ್ಟ. ಈಗಲೂ ಇದೆ. ಅದರಲ್ಲಿ ಇರುವುದು ಕೊನೆಯ ಸಲದ್ದು ಮಾತ್ರ. ಮೊದಲ ರವಿವಾರದ್ದು, ಅವಳು ತನಗೆ ಬೇಕಾದಲ್ಲಿ ಉಸಿರು ತೆಗೆದುಕೊಂಡು, ತೊಟ್ಟು ಕೀಳುತ್ತ, ತನ್ನಷ್ಟಕ್ಕೆ ಹಾಡಿದ್ದು ಇಲ್ಲ. ಅದನ್ನು ನಾನೇ ಅಳಿಸಿದೆ. ಉಳಿದದ್ದು ನನ್ನನ್ನು ಒಪ್ಪಿಸಲೆಂದು ಉಸಿರು ಹಿಡಿದು ಹಾಡಿದ್ದು.

ಅಕ್ಕ ತೀರಿಕೊಂಡದ್ದು ಶ್ರಾವಣ ಹತ್ತುವ ಮೊದಲು. ಅದಕ್ಕೆ ನಾಲ್ಕು ದಿನ ಮುಂಚಿನ ಒಂದು ಮಧ್ಯಾಹ್ನ ನನ್ನ ತಲೆಯಿಂದ ಹೋಗಿಲ್ಲ. ಹೊರಗೆ ಜಿಟಿಜಿಟಿ ಮಳೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ಹಗಲೂ ರಾತ್ರಿ ಕೂತೇ ಇರುತ್ತಿದ್ದಳು. ನಾನು ಗಂಜಿ ಕಲಸುತ್ತಿದ್ದೆ.

"ಮಾಲ್ಯಾ, ಬಾ ಇಲ್ಲೆ. ಕಿವಿ ಹಚ್ಚು."

"ಎಲ್ಲೆ?"

"ಬೆನ್ನಿಗೆ. ಡಾಕ್ಟರು ನನಗ ಒಂದೂ ಹೇಳೂದಿಲ್ಲ. ನೀ ಅಂಗಡ್ಯಾಗ ಮಂದೀಗೆ ಹೇಳತಿದ್ದಿಯಲ್ಲ, ಹಂಗ ಹೇಳು. ಖರೇ ಹೇಳಬೇಕ ಮತ್ತ."

ಅವಳ ಬೆನ್ನಿಗೆ ಕಿವಿ ಹಚ್ಚಿದೆ. ಎಲುಬು ಕೆನ್ನೆಗೆ ಒತ್ತುತ್ತಿದ್ದವು. ಬಲಗಡೆ ಮೇಲೆ ಸಿಳ್ಳು ಇತ್ತು, ಅದರ ಕೆಳಗೆ ಒಣ ಎಲೆ ತುಳಿದಂಥ ಸಪ್ಪಳ. ಎಡಗಡೆಗೆ ಬಂದೆ. ಎಡಗಡೆ ಕೆಳಗೆ ಏನೂ ಇರಲಿಲ್ಲ. ಇನ್ನೊಮ್ಮೆ ಬಲಗಡೆ ಕೇಳಿ, ಮತ್ತೆ ಎಡಗಡೆ ಬಂದು ಉಸಿರು ಬಿಗಿಹಿಡಿದು ಕೇಳಿದೆ. ಏನೂ ಇರಲಿಲ್ಲ. ಬೇಡವೆಂದರೂ ನನ್ನ ಕಿವಿ ತನ್ನ ಕೆಲಸ ಮಾಡುತ್ತಿತ್ತು.

"ಹೆಂಗೈತಿ?"

"ಮೊದಲಿಗಿಂತ ಹಗರ ಆಗೈತಿ ಅಕ್ಕಾ. ಎರಡೂ ಕಡೆ ಸಮ ಐತಿ."

ಅವಳು ಕೈ ಹಿಂದಕ್ಕೆ ಚಾಚಿ ನನ್ನ ತಲೆಗೂದಲನ್ನು ಹಿಡಿದು ಮೆಲ್ಲಗೆ ಜಗ್ಗಿದಳು.

"ನಾಳಿಂದ ಅಂಗಡೀಗೆ ಹೋಗು. ಇಲ್ಲೆ ನನ್ನ ಹಂತ್ಯಾಕ ಕುಂತು ಕುಂತು ನಿನ್ನ ಕಿವಿ ಕೆಟ್ಟಾವು."